ಹಳೇ ಕಾರನ್ನು ಕಳ್ಳರಿಂದ ಉಳಿಸಿಕೊಳ್ಳುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಮೊದಲ ಕಾಲದ ಮಾರುತಿ 800, ಹಳೇ ಜೀಪು. ಇವುಗಳಲ್ಲಿ ಒಂದನ್ನು ಇಟ್ಟುಕೊಂಡವರು ಕಳ್ಳತನದ ಭಯ ಬಂದ ಕೂಡಲೇ ಮಾಡುವ ಮೊದಲ ಕೆಲಸ ಜಿಪಿಎಸ್ ತರಿಸುವುದು. ಡ್ಯಾಶ್‌ಬೋರ್ಡ್ ಕೆಳಗೆ ಅಂಟಿಸಿ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ಗಾಡಿ ಮೂರು ವಾರ ನಿಂತಲ್ಲೇ ನಿಲ್ಲುತ್ತದೆ, ಬ್ಯಾಟರಿ ಇಳಿಯುತ್ತದೆ, ಜಿಪಿಎಸ್ ಸಾಯುತ್ತದೆ. ಆಮೇಲೆ ಗಾಡಿ ಹೋದರೂ ಗೊತ್ತಾಗುವುದಿಲ್ಲ. ವಿಮೆಯವರ ಹತ್ತಿರ ಹೋದಾಗ ಪಾಲಿಸಿಯಲ್ಲಿ ಕಳ್ಳತನದ ರಕ್ಷಣೆಯೇ ಇಲ್ಲ ಅಂತ ತಿಳಿಯುತ್ತದೆ.

ಇಲ್ಲಿ ಎಡವಟ್ಟಾಗುವುದು ಸಾಮಾನಿನಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಮೊದಲು ಕಾಗದ ಸರಿ ಮಾಡಬೇಕು. ಆಮೇಲೆ ಗಾಡಿ ಜರುಗದ ಹಾಗೆ, ಆಮೇಲೆ ಸ್ಟಾರ್ಟ್ ಆಗದ ಹಾಗೆ ಮಾಡಬೇಕು. ಹುಡುಕುವ ಸಾಧನಕ್ಕೆ ಕೊನೆಯ ಸರದಿ. ಈ ಕ್ರಮದಲ್ಲೇ ಹೋಗೋಣ.

ಒಂದು ವಿಷಯ ಮನಸ್ಸಿನಲ್ಲಿರಲಿ. ಹೊಸ ಕಾರಿನ ಕೀಲಿಯಲ್ಲಿ ಚಿಪ್ ಇರುತ್ತದೆ, ಅದು ಹೊಂದದಿದ್ದರೆ ಎಂಜಿನ್ ಏಳುವುದಿಲ್ಲ. ಹಳೇ ಕಾರಿನ ಕೀಲಿ ಬರೀ ಒಂದು ಸ್ವಿಚ್ಚು. ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ಲಾಕ್ ಕೂಡ ಇಲ್ಲ. ಹೊಸ ಕಾರಿನಲ್ಲಿ ಕಂಪನಿಯೇ ಮಾಡಿಕೊಟ್ಟಿರುವ ಕೆಲಸವನ್ನು ಇಲ್ಲಿ ನೀವು ಮಾಡಬೇಕು.

ಬೇಕಾಗುವ ಸಾಮಾನು

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ. ಹಂತ ಓದಿಕೊಂಡು, ನಿಮ್ಮ ಗಾಡಿಗೆ ಬೇಕಾದ್ದನ್ನು ಮಾತ್ರ ತನ್ನಿ.

- ಗಟ್ಟಿ ಉಕ್ಕಿನ ಚೈನು, ಕೊಂಡಿಯ ದಪ್ಪ 10 ಮಿ.ಮೀ.ಗಿಂತ ಕಡಿಮೆ ಬೇಡ. ಕೊಂಡಿ ಜಾಸ್ತಿ ಹೊರಗೆ ಕಾಣದ ಬೀಗ.
- ನೆಲಕ್ಕೆ ಬಿಗಿಯುವ ಆ್ಯಂಕರ್, ಅದಕ್ಕೆ ತಕ್ಕ ಬೋಲ್ಟು, ಹ್ಯಾಮರ್ ಡ್ರಿಲ್.
- ಸ್ಟೀರಿಂಗ್‌ಗೂ ಪೆಡಲ್‌ಗೂ ಸೇರಿಸಿ ಹಾಕುವ ಲಾಕ್.
- 15 ಆ್ಯಂಪ್ ಅಥವಾ ಅದಕ್ಕೂ ಮೇಲಿನ ಒಳ್ಳೆಯ ಸ್ವಿಚ್, 2.5 ಚದರ ಮಿ.ಮೀ. ಕಪ್ಪು ವೈರ್, ಬಟ್ಟೆಯ ಟೇಪು.
- ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್.
- ಬ್ಯಾಟರಿ ಕಟ್-ಆಫ್ ಸ್ವಿಚ್, ಜಿಪಿಎಸ್ ಸಾಧನ, 2 ಆ್ಯಂಪ್ ಫ್ಯೂಸ್.

ಹಂತ 1: ಮೊದಲು ಕಾಗದ

ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಾನೆಟ್ ತೆಗೆದು, ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಹುಡುಕಿ. ಗ್ರೀಸು, ಬಣ್ಣ ಮೆತ್ತಿಕೊಂಡಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ವೈರ್ ಬ್ರಷ್ಷಿನಿಂದ ಉಜ್ಜಬೇಡಿ, ಅಕ್ಷರ ಸವೆದರೆ ನಾಳೆ ನಂಬರ್ ತಿದ್ದಿದ್ದೀರಿ ಅನ್ನುವ ಅನುಮಾನ ನಿಮ್ಮ ಮೇಲೇ ಬರುತ್ತದೆ. ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಈಗ ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ.

ಹಳೇ ಗಾಡಿಗಳಲ್ಲಿ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಪೆಟ್ರೋಲ್ ಅಂಬಾಸಿಡರ್‌ಗೆ ಯಾರೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಹಳೇ ನಂಬರೇ ಇರುತ್ತದೆ. ಜೀಪುಗಳಲ್ಲಂತೂ ಇದು ಮಾಮೂಲಿ. ಗಾಡಿ ಕಳುವಾದ ಮೇಲೆ ಎಫ್‌ಐಆರ್‌ನಲ್ಲಿ ಒಂದು ನಂಬರ್, ಗಾಡಿಯಲ್ಲಿ ಇನ್ನೊಂದು ನಂಬರ್ ಇದ್ದರೆ ಪೊಲೀಸರಿಗೆ ಸಿಕ್ಕಿದ ಗಾಡಿಯೂ ನಿಮ್ಮದು ಅಂತ ತೋರಿಸುವುದು ಕಷ್ಟ. ಮೊದಲು ಆರ್‌ಟಿಒಗೆ ಹೋಗಿ ಆರ್‌ಸಿ ತಿದ್ದಿಸಿ.

ಆರ್‌ಸಿ ಅವಧಿಯನ್ನೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು. ರಾಜ್ಯದ ಅಕ್ಷರದ ನಂತರ ‘ವಿಎ’ ಅಂತ ಬರುವ ನಂಬರ್ ಸಿಗುತ್ತದೆ. ನೋಂದಣಿ 10 ವರ್ಷ ನಡೆಯುತ್ತದೆ, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ವಾರಕ್ಕೊಮ್ಮೆ ಮಾರ್ಕೆಟ್‌ಗೆ ಅದರಲ್ಲೇ ಹೋಗುವವರಾದರೆ ಮಾಮೂಲಿ ನವೀಕರಣವೇ ಸಾಕು.

ಇನ್ನು ವಿಮೆ. ಥರ್ಡ್ ಪಾರ್ಟಿ ಪಾಲಿಸಿ ಕಳ್ಳತನಕ್ಕೆ ಒಂದು ಪೈಸೆ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಟ್ಟುವವರು ಬಹಳ ಜನ. ಕಾಂಪ್ರಹೆನ್ಸಿವ್, ಅಂದರೆ ನಿಮ್ಮ ಗಾಡಿಗೂ ರಕ್ಷಣೆ ಕೊಡುವ ಪಾಲಿಸಿ ಕೇಳಿ, ಕೊಡದಿದ್ದರೆ ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳ್ಳತನದ ರಕ್ಷಣೆಯನ್ನಾದರೂ ಕೇಳಿ. 5 ವರ್ಷ ದಾಟಿದ ಗಾಡಿಗೆ ಮತ್ತು ತಯಾರಿಕೆ ನಿಂತ ಮಾಡೆಲ್‌ಗೆ ಐಡಿವಿ, ಅಂದರೆ ವಿಮೆಯ ಮೌಲ್ಯ, ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಂಡದ್ದು. ಏಜೆಂಟ್ ಸುಮ್ನೆ 30,000 ಅಂತ ಬರೆದದ್ದಕ್ಕೆ ಸಹಿ ಹಾಕಬೇಡಿ. ಗಾಡಿಗೆ ಮಾಡಿಸಿದ ಕೆಲಸದ ಬಿಲ್ಲು, ಫೋಟೊ, ಮೌಲ್ಯಮಾಪಕರ ವರದಿ ಇಟ್ಟು ಮಾತಾಡಿ. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಒಪ್ಪಿದ ಕಳ್ಳತನ ತಡೆ ಸಾಧನ ಹಾಕಿಸಿದರೆ ಪ್ರೀಮಿಯಂನಲ್ಲಿ ಒಂದು ಚಿಕ್ಕ ರಿಯಾಯಿತಿ ಕೇಳಬಹುದು. ಅದಕ್ಕಾಗಿಯೇ ಸಾಧನ ಕೊಳ್ಳುವಷ್ಟು ದೊಡ್ಡದಲ್ಲ.

ಎರಡೂ ಕೀಲಿ ಎಲ್ಲಿವೆ ಅಂತ ಇವತ್ತೇ ಹುಡುಕಿ. ಕಳ್ಳತನದ ಕ್ಲೇಮಿನಲ್ಲಿ ಎರಡನ್ನೂ ಕೇಳುತ್ತಾರೆ. ಒಂದೇ ಕೀಲಿಯ ಜೊತೆ ಗಾಡಿ ಕೊಂಡಿದ್ದರೆ ಅದನ್ನು ಪಾಲಿಸಿ ಮಾಡಿಸುವಾಗಲೇ ಬರಹದಲ್ಲಿ ತಿಳಿಸಿ.

ಕಡೆಗೆ ಗುರುತು. ಡ್ಯಾಶ್‌ಬೋರ್ಡಿನ ಗೀರು, ಸೀಟಿನ ಕೆಳಗಿನ ವೆಲ್ಡಿಂಗ್, ಬಾಗಿಲಿನ ಒಳಗಿನ ಹಳೇ ಬಣ್ಣ, ಇಂಥವುಗಳ ಫೋಟೊ ತೆಗೆದಿಡಿ. ಎಲ್ಲ ಗಾಜಿನ ಮೂಲೆಯಲ್ಲೂ ನೋಂದಣಿ ನಂಬರ್ ಚಿಕ್ಕದಾಗಿ ಕೆತ್ತಿಸಿ. ಕಳ್ಳನಿಗೆ ಆರೂ ಗಾಜು ಬದಲಿಸುವ ಖರ್ಚು ಬೀಳುತ್ತದೆ, ಪದ್ಮಿನಿಯ ಗಾಜು ಹುಡುಕುವ ಕಷ್ಟ ನಿಮಗೇ ಗೊತ್ತಲ್ವಾ. ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ಪ್ಲೇಟ್ ಆಗಿರಲಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೂ ಕರ್ನಾಟಕದಲ್ಲಿ ಅದು ಕಡ್ಡಾಯ. ಕ್ರೋಮ್ ಬಂಪರ್ ಮೇಲೆ ಚೆನ್ನಾಗಿ ಕಾಣುವುದಿಲ್ಲ ಅನ್ನುವ ಗೊಣಗಾಟ ನನಗೂ ಇದೆ. ಆದರೆ ಒಡೆಯದೆ ಬಿಚ್ಚಲು ಬಾರದ ಲಾಕ್ ಅದಕ್ಕಿದೆ.

ಹಂತ 2: ನಿಲ್ಲಿಸುವ ಜಾಗ

ರಸ್ತೆ ಬದಿಯಲ್ಲಿ ಕವರ್ ಹೊದ್ದುಕೊಂಡು ತಿಂಗಳುಗಟ್ಟಲೆ ನಿಂತ ಗಾಡಿ ಎಲ್ಲದಕ್ಕಿಂತ ಸುಲಭದ ತುತ್ತು. ಕವರ್ ಇದ್ದರೆ ಒಳಗೆ ಯಾರು ಏನು ಮಾಡುತ್ತಿದ್ದಾರೆ ಅಂತ ಹೊರಗೆ ಕಾಣುವುದಿಲ್ಲ. ಟೋಯಿಂಗ್ ಗಾಡಿ ತಂದು ಹಗಲಲ್ಲೇ ಎತ್ತಿಕೊಂಡು ಹೋದರೂ ಅಕ್ಕಪಕ್ಕದವರು ಗ್ಯಾರೇಜಿಗಿರಬೇಕು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಗೇಟಿರುವ ಜಾಗವನ್ನು ಬಾಡಿಗೆಗೆ ಹಿಡಿಯಿರಿ.

ಕಾಂಪೌಂಡ್ ಒಳಗೆ ನಿಲ್ಲಿಸುವಾಗ ಮೂತಿ ಗೋಡೆ ಕಡೆಗಿರಲಿ. ಮುಂದಿನ ಚಕ್ರಗಳನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಗೇರ್‌ನಲ್ಲಿ ಬಿಡಿ. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಅದನ್ನು ಹಿಂದೆ ಅಡ್ಡ ನಿಲ್ಲಿಸಿ. ಇದಕ್ಕೆ ಕಾಸು ಖರ್ಚಿಲ್ಲ.

ವಾರಗಟ್ಟಲೆ ನಿಲ್ಲಿಸುವ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಮಳೆಗಾಲದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ಅಡ್ಡ ಕೊಡಿ.

ಹಂತ 3: ಜರುಗದ ಹಾಗೆ ಕಟ್ಟಿ

ಸ್ಟಾರ್ಟ್ ಆಗದ ಗಾಡಿಯನ್ನೂ ನಾಲ್ಕು ಜನ ತಳ್ಳಬಹುದು. 800 ಆದರೆ ಇಬ್ಬರೇ ಸಾಕು. ಹಾಗಾಗಿ ಸ್ವಿಚ್ಚು, ವೈರಿಗಿಂತ ಇದು ಮೊದಲು.

ಆ್ಯಂಕರ್ ಹಾಕಲು ನೆಲ ಕಾಂಕ್ರೀಟ್ ಆಗಿರಬೇಕು, ಕಡಿಮೆ ಅಂದರೂ 100 ಮಿ.ಮೀ. ದಪ್ಪ. ಕಲ್ಲು ಹಾಸಿನ ಮೇಲೆ, ಟೈಲ್ಸ್ ಮೇಲೆ ಬಿಗಿದರೆ ಹಾರೆಗೆ ಎದ್ದು ಬರುತ್ತದೆ. 12 ಮಿ.ಮೀ. ಬೋಲ್ಟು ನಾಲ್ಕು ಹಾಕಿ. ಬಿಗಿದ ಮೇಲೆ ಬೋಲ್ಟಿನ ತಲೆಯನ್ನು ಪ್ಲೇಟಿಗೆ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಬೀಗ ಮುಟ್ಟುವ ಗೋಜಿಗೇ ಹೋಗದೆ ಸ್ಪ್ಯಾನರ್ ಹಾಕಿ ಬಿಚ್ಚುತ್ತಾರೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆದರೆ ಅಸೋಸಿಯೇಷನ್ ಕೇಳದೆ ಡ್ರಿಲ್ ಹಿಡಿಯಬೇಡಿ. ಕೆಲವು ಕಟ್ಟಡಗಳ ಸ್ಲ್ಯಾಬಿನ ಒಳಗೆ ಬಿಗಿದು ಎಳೆದ ಕೇಬಲ್ ಇರುತ್ತದೆ, ಅದಕ್ಕೆ ಡ್ರಿಲ್ ತಾಗಿದರೆ ಕಟ್ಟಡಕ್ಕೇ ಅಪಾಯ. ಅಂಥ ಕಡೆ ಚಕ್ರಕ್ಕೆ ಹಾಕುವ ಕ್ಲಾಂಪೇ ಸರಿ.

ಚೈನನ್ನು ಬಂಪರಿಗೆ ಸುತ್ತುವವರನ್ನು ನೋಡಿದ್ದೇನೆ. ಬಂಪರ್ ನಿಂತಿರುವುದೇ ಕೆಲವೇ ಬೋಲ್ಟಿನ ಮೇಲೆ. ಹಿಂದಿನ ಆ್ಯಕ್ಸಲ್ಲಿಗೆ, ಇಲ್ಲವೇ ಚಕ್ರದ ತೂತಿನ ಮೂಲಕ ಲೀಫ್ ಸ್ಪ್ರಿಂಗಿನ ಸುತ್ತ ತನ್ನಿ. ಇಲ್ಲಿ ಒಂದು ಎಚ್ಚರಿಕೆ. ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಆ್ಯಕ್ಸಲ್ಲಿನ ಮೇಲೆ, ಮಧ್ಯದಿಂದ ಎರಡೂ ಚಕ್ರದ ಕಡೆಗೆ ಪೆನ್ಸಿಲ್ಲಿಗಿಂತ ತೆಳ್ಳಗಿನ ಒಂದು ಪೈಪ್ ಹೋಗಿರುತ್ತದೆ. ಅದು ಬ್ರೇಕ್ ಪೈಪು. ಚೈನು ಅದರ ಮೇಲೆ ಕೂತು ಅಮುಕಿದರೆ, ಉಜ್ಜಿ ಸವೆಸಿದರೆ, ಬ್ರೇಕ್ ಹೋಗುವುದು ನಿಮ್ಮದೇ. ಚೈನಿಗೆ ಹಳೇ ಸೈಕಲ್ ಟ್ಯೂಬ್ ತೊಡಿಸಿ, ಪೈಪ್ ಇರುವ ಬದಿ ಬಿಟ್ಟು ಹಾಯಿಸಿ.

ಚೈನು ನೆಲಕ್ಕೆ ಬಿದ್ದಿರಬಾರದು. ನೆಲದ ಮೇಲಿದ್ದರೆ ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಹಾಕಿ ಕತ್ತರಿಸಬಹುದು. ಉದ್ದ ಕಡಿಮೆ ಮಾಡಿ, ಎಳೆದು ಬಿಗಿಯಾಗಿ ಹಾಕಿ.

ಸ್ಟೀರಿಂಗ್‌ಗೆ ಅಡ್ಡ ಹಾಕುವ ಕೋಲಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹಳೇ ಕಾರಿನ ಸ್ಟೀರಿಂಗ್ ತೆಳ್ಳಗೆ, ಅದನ್ನೇ ಗರಗಸದಲ್ಲಿ ಕತ್ತರಿಸಿ ಕೋಲು ತೆಗೆಯುತ್ತಾರೆ. ಕೋಲೂ ಹೋಯಿತು, ಸಿಗದ ಸ್ಟೀರಿಂಗೂ ಹೋಯಿತು. ಕ್ಲಚ್ ಇಲ್ಲವೇ ಬ್ರೇಕ್ ಪೆಡಲಿಗೂ ಸ್ಟೀರಿಂಗ್‌ಗೂ ಸೇರಿಸಿ ಹಾಕುವ ಲಾಕ್ ಇದಕ್ಕಿಂತ ವಾಸಿ. ಹೊರಗಿನಿಂದ ಕಾಣುತ್ತದೆ, ಅದೇ ಅರ್ಧ ಕೆಲಸ ಮಾಡುತ್ತದೆ.

ಚೈನು ಕಟ್ಟಿರುವುದನ್ನು ಮರೆತು ಗಾಡಿ ತೆಗೆಯುವುದು ದೊಡ್ಡ ಅನಾಹುತ. ಕಟ್ಟಿದ ಕೂಡಲೇ ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟುವ ರೂಢಿ ಮಾಡಿಕೊಳ್ಳಿ.

ಹಂತ 4: ಸ್ಟಾರ್ಟ್ ಆಗದ ಹಾಗೆ ಮಾಡಿ

ಮೊದಲು ಗಾಡಿ ಪೆಟ್ರೋಲೋ ಡೀಸೆಲೋ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು, ಕಿಡಿ ನಿಲ್ಲಿಸಿದರೆ ಎಂಜಿನ್ ಇಲ್ಲ. ಹಳೇ ಡೀಸೆಲ್‌ಗೆ ಕಿಡಿ ಬೇಡ, ಒಮ್ಮೆ ಎದ್ದರೆ ಕರೆಂಟಿನ ಹಂಗೂ ಇಲ್ಲ. ಡೀಸೆಲ್ ಜೀಪಿಗೆ ಕಿಲ್ ಸ್ವಿಚ್, ಅಂದರೆ ಕರೆಂಟ್ ತಡೆಯುವ ಗುಟ್ಟಿನ ಸ್ವಿಚ್, ಹಾಕಿಸಿಕೊಂಡು ನೆಮ್ಮದಿಯಾಗಿ ಮಲಗಿದವರಿದ್ದಾರೆ. ತಳ್ಳಿ ಗೇರ್ ಹಾಕಿದರೆ ಅದು ಎದ್ದು ಹೊರಡುತ್ತದೆ. ಡೀಸೆಲ್ ಗಾಡಿಗೆ ಇಂಧನದ ದಾರಿಯನ್ನೇ ಮುಚ್ಚಬೇಕು.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಯಾವ ತುದಿ ಗಾಡಿಯ ತಗಡಿಗೆ ಸೇರಿದೆ ನೋಡಿ, ಅದನ್ನೇ ಅರ್ಥ್ ಅನ್ನುವುದು. 1950, 60ರ ದಶಕದ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ತುದಿ ತಗಡಿಗೆ ಸೇರಿರುವುದುಂಟು. ಕೆಲವು ಹಳೇ ಗಾಡಿಗಳು 6 ವೋಲ್ಟಿನವು. ಈಗಿನ ಅಲಾರಂ, ಜಿಪಿಎಸ್ ಎಲ್ಲ 12 ವೋಲ್ಟ್, ನೆಗೆಟಿವ್ ಅರ್ಥ್ ಅಂತಲೇ ಮಾಡಿದವು. ನೋಡದೆ ಸೇರಿಸಿದರೆ ಸುಟ್ಟುಹೋಗುತ್ತವೆ.

ಗುಟ್ಟಿನ ಸ್ವಿಚ್ (ಪೆಟ್ರೋಲ್ ಗಾಡಿಗೆ)

1. ಬ್ಯಾಟರಿಯ ಅರ್ಥ್ ಬಿಚ್ಚಿ. ಇಗ್ನಿಷನ್ ಕೀಲಿಯಿಂದ ಕಾಯಿಲಿಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಹೋಗುವ ವೈರನ್ನು ಮಲ್ಟಿಮೀಟರ್ ಹಿಡಿದು ಗುರುತಿಸಿ. ಬಣ್ಣ ನೋಡಿ ತೀರ್ಮಾನಿಸಬೇಡಿ, 40 ವರ್ಷದಲ್ಲಿ ಎಷ್ಟು ಜನ ಎಲೆಕ್ಟ್ರಿಷಿಯನ್‌ಗಳು ಕೈಗೆ ಸಿಕ್ಕ ಬಣ್ಣ ಹಾಕಿದ್ದಾರೋ.

2. ಆ ವೈರನ್ನು ಡ್ಯಾಶ್‌ಬೋರ್ಡ್ ಒಳಗೇ ಕತ್ತರಿಸಿ ಮಧ್ಯೆ ಸ್ವಿಚ್ ಸೇರಿಸಿ. ಬಾನೆಟ್ ಕೆಳಗೆ ಕತ್ತರಿಸಿದರೆ ಜೋಡಣೆ ಕಣ್ಣಿಗೆ ಬೀಳುತ್ತದೆ. ಕಾಯಿಲಿನ ಮುಂದೆ ಕರೆಂಟ್ ತಗ್ಗಿಸುವ ಬಲಾಸ್ಟ್ ರೆಸಿಸ್ಟರ್ ಇದ್ದರೆ ಅದಕ್ಕೂ ಮುಂಚೆಯೇ ಸ್ವಿಚ್ ಬರಬೇಕು.

3. ವೈರ್ ಕಪ್ಪಾಗಿರಲಿ, ಹಳೇ ವೈರಿಂಗಿನ ಜೊತೆ ಸೇರಿಸಿ ಬಟ್ಟೆಯ ಟೇಪು ಸುತ್ತಿ. ಹಳೇ ಮಂಕು ವೈರುಗಳ ನಡುವೆ ಹೊಳೆಯುವ ಹೊಸ ಕೆಂಪು ವೈರ್ ಇದ್ದರೆ ಅದನ್ನೇ ಹಿಡಿದುಕೊಂಡು ಹೋಗುತ್ತಾರೆ.

4. ಸ್ವಿಚ್ ಜಾಗ ನಿಮ್ಮ ಸೀಟಿನಲ್ಲಿ ಕೂತೇ ಕೈಗೆಟುಕಬೇಕು. ಇಲ್ಲದಿದ್ದರೆ ಎರಡೇ ವಾರದಲ್ಲಿ ಹಾಕುವುದು ಬಿಡುತ್ತೀರಿ. ಸ್ಟೀರಿಂಗ್ ಕೆಳಗೆ ಬೇಡ, ಎಲ್ಲರೂ ಮೊದಲು ತಡಕುವುದೇ ಅಲ್ಲಿ. ಈಗ ಕೆಲಸಕ್ಕೆ ಬಾರದ ಹಳೇ ಫಾಗ್ ಲ್ಯಾಂಪ್ ಸ್ವಿಚ್ ಇದ್ದರೆ ಅದನ್ನೇ ಬಳಸಿ. ಕಣ್ಣೆದುರೇ ಇದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅದು ಅಷ್ಟು ಕರೆಂಟ್ ತಾಳುತ್ತದೋ ನೋಡಿಕೊಳ್ಳಿ. ಅನುಮಾನವಿದ್ದರೆ ಅದರ ಒಳಗೆ ಹೊಸ ಸ್ವಿಚ್ ಕೂರಿಸಿ.

5. ಪರೀಕ್ಷೆ. ನಿಂತಲ್ಲೇ ಎಂಜಿನ್ ಓಡಿಸಿ ಸ್ವಿಚ್ ಆಫ್ ಮಾಡಿ, ಎಂಜಿನ್ ನಿಲ್ಲಬೇಕು. ಆನ್ ಮಾಡಿ ಅರ್ಧ ಗಂಟೆ ಓಡಿಸಿ ಬಂದು ಸ್ವಿಚ್ ಮುಟ್ಟಿ. ಬಿಸಿಯಾಗಿದ್ದರೆ ಜೋಡಣೆ ಸಡಿಲ ಇದೆ, ಇಲ್ಲವೇ ಸ್ವಿಚ್ ಕಳಪೆ. ಕಾಯಿಲ್ ಎಳೆಯುವುದು 3-4 ಆ್ಯಂಪ್ ಆದರೂ ಗಾಡಿ ಓಡುವಷ್ಟೂ ಹೊತ್ತು ಎಳೆಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸ್ವಿಚ್ ಹಾಕಿದರೆ ಅದು ಕೈಕೊಡುವುದು ಶಿರಾಡಿ ಘಾಟಿಯ ಮಧ್ಯದಲ್ಲೇ.

ಈ ಕೆಲಸವನ್ನು ಹೊರಗೆ ಮಾಡಿಸುವುದಾದರೆ ನೀವು ಪಕ್ಕದಲ್ಲೇ ಇರಿ. ಸ್ವಿಚ್ಚಿನ ಕೊನೆಯ ಜಾಗವನ್ನು ಮನೆಗೆ ಬಂದು ನೀವೇ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿ.

ರೋಟರ್ ತೆಗೆದಿಡುವುದು

ಊರಿಗೆ ಹೊರಟಾಗ, ವಾರಗಟ್ಟಲೆ ಗಾಡಿ ಮುಟ್ಟದಿದ್ದಾಗ, ಖರ್ಚಿಲ್ಲದ ಉಪಾಯ ಇದು. ಕೀಲಿ ಆಫ್ ಇರಲಿ. ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಎರಡು ಬದಿಯ ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ. ಪ್ಲಗ್ ವೈರುಗಳನ್ನು ಬಿಚ್ಚಬೇಡಿ, ಮುಚ್ಚಳವನ್ನು ವೈರಿನ ಸಮೇತ ಪಕ್ಕಕ್ಕೆ ಸರಿಸಿ. ನಡುವಿನ ಕಂಬಿಯ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಅದರ ನೆತ್ತಿಯಲ್ಲಿ ಹಿತ್ತಾಳೆಯ ಪಟ್ಟಿ ಕಾಣುತ್ತದೆ. ಅದೇ ರೋಟರ್. ನೇರ ಮೇಲಕ್ಕೆ ಎಳೆದರೆ ಬರುತ್ತದೆ. ಕೆಲವು ಗಾಡಿಗಳಲ್ಲಿ ಸ್ಕ್ರೂ ಇರುತ್ತದೆ, ಆಗ ಬಲ ಹಾಕಿ ಎಳೆಯಬೇಡಿ. ಮುಚ್ಚಳ ಮತ್ತೆ ಹಾಕಿ ಕ್ಲಿಪ್ ಕೂರಿಸಿ. ತಿರುಗಿ ಹಾಕುವಾಗ ರೋಟರಿನ ಒಳಗಿನ ಉಬ್ಬು ಕಂಬಿಯ ಸೀಳಿಗೆ ಸರಿಯಾಗಿ ಕೂರಬೇಕು, ಅಡ್ಡ ಕೂತರೆ ಮುಚ್ಚಳ ಒಡೆಯುತ್ತದೆ.

ಇದೊಂದನ್ನೇ ನಂಬಬೇಡಿ. ಅಂಬಾಸಿಡರ್, 800ರ ರೋಟರ್ ಅಂಗಡಿಯಲ್ಲಿ ಸಿಗುತ್ತದೆ, ಗಾಡಿ ಬಲ್ಲ ಕಳ್ಳ ಜೇಬಿನಲ್ಲೇ ತರಬಹುದು.

ಪೆಟ್ರೋಲ್ ಕಾಕ್, ಡೀಸೆಲ್ ಕಾಕ್

ಅಂಬಾಸಿಡರ್, ಪದ್ಮಿನಿ, ಕಾರ್ಬ್ಯುರೇಟರ್ ಇರುವ 800, ಇವುಗಳಲ್ಲಿ ಸಾಮಾನ್ಯವಾಗಿ ಇಂಧನದ ಪಂಪು ಎಂಜಿನ್‌ನಿಂದಲೇ ಓಡುತ್ತದೆ. ಅದಕ್ಕೆ ಕರೆಂಟೇ ಇಲ್ಲ, ಹಾಗಾಗಿ ಪಂಪಿಗೆ ಸ್ವಿಚ್ ಹಾಕಿಕೊಡುತ್ತೇನೆ ಅನ್ನುವವರ ಮಾತು ಕೇಳಬೇಡಿ. ಪೈಪಿನ ಮಧ್ಯೆ ಹಿತ್ತಾಳೆಯ ಕಾಕ್, ಅಂದರೆ ಚಿಕ್ಕ ನಲ್ಲಿ, ಹಾಕಿಸಬಹುದು. ಪೆಟ್ರೋಲ್ ಗಾಡಿಯಲ್ಲಿ ಕಾಕ್ ಮುಚ್ಚಿದರೂ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲಿಗೆ ಎಂಜಿನ್ ಎದ್ದು ಒಂದಿಷ್ಟು ದೂರ ಹೋಗಿ ನಿಲ್ಲುತ್ತದೆ. ನಡುರಸ್ತೆಯಲ್ಲಿ ನಿಂತ ಗಾಡಿಯನ್ನು ಕಳ್ಳ ಬಿಟ್ಟು ಓಡಲೂಬಹುದು, ಸಿಟ್ಟಿಗೆ ಹಾಳು ಮಾಡಲೂಬಹುದು. ಅದಕ್ಕೇ ಪೆಟ್ರೋಲ್ ಗಾಡಿಗೆ ಇದನ್ನು ನಾನು ಎರಡನೇ ಸಾಲಿನಲ್ಲಿಡುತ್ತೇನೆ. ಡೀಸೆಲ್ ಗಾಡಿಗೆ ಇದೇ ಮೊದಲನೆಯದು. ಇಲ್ಲವೇ ಇಂಜೆಕ್ಷನ್ ಪಂಪಿಗೆ ಹೋಗುವ ಡೀಸೆಲನ್ನು ತಡೆಯುವ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್, ಹಾಕಿಸಿ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಗಾಡಿ ನಿಮಗೂ ಏಳುವುದಿಲ್ಲ, ಹಾಗಾಗಿ ಪಂಪು ಬಲ್ಲ ಮೆಕ್ಯಾನಿಕ್ಕೇ ಮಾಡಲಿ.

ರಬ್ಬರ್ ಪೈಪು, ಕ್ಲಿಪ್ಪು ಎರಡೂ ಹೊಸದಾಗಿರಲಿ. ಎಗ್ಜಾಸ್ಟ್ ಹತ್ತಿರ ಕಾಕ್ ಬರಬಾರದು. ಕೆಲಸ ಮುಗಿದ ಮೇಲೆ ಕೆಳಗೆ ಬಿಳಿ ಕಾಗದ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಂದು ಹನಿ ಕಲೆ ಕಂಡರೂ ಗಾಡಿ ಸ್ಟಾರ್ಟ್ ಮಾಡಬೇಡಿ.

ಬ್ಯಾಟರಿ ಕಟ್-ಆಫ್

ಬ್ಯಾಟರಿಯ ಕರೆಂಟನ್ನೇ ಕಡಿಯುವ ಸ್ವಿಚ್ಚು ಇದು. ಬೆಂಕಿಯಿಂದಲೂ ಕಾಪಾಡುತ್ತದೆ, ಹಳೇ ವೈರಿಂಗಿನ ಗಾಡಿಗೆ ಇರಬೇಕಾದ್ದೇ. ಆದರೆ ಕಳ್ಳತನಕ್ಕೆ ಇದು ಅಷ್ಟಕ್ಕಷ್ಟೇ. ಅಂಗಡಿಯಲ್ಲಿ ಸಿಗುವ ಕೆಂಪು ಪ್ಲಾಸ್ಟಿಕ್ ಕೀಲಿಯ ಕಟ್-ಆಫ್‌ಗಳಿಗೆ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಕೀಲಿ. ಎಂಜಿನ್ ಓಡುವಾಗ ತಿರುಗಿಸಬೇಡಿ, ಆಲ್ಟರ್ನೇಟರಿನ ಡಯೋಡ್ ಸುಡಬಹುದು.

ಹಂತ 5: ಬಾಗಿಲು, ಗಾಜು, ಬೀಗ

ಮುಂದಿನ ಬಾಗಿಲಿನ ತ್ರಿಕೋನದ ಚಿಕ್ಕ ಗಾಜೇ ಒಳನುಗ್ಗುವ ದಾರಿ. ಅದರ ಚಿಲಕ ಸವೆದಿದ್ದರೆ, ರಬ್ಬರ್ ಒಣಗಿದ್ದರೆ ಬದಲಿಸಿ. ಹಳೇ ಬೀಗಕ್ಕೆ ಬೇರೆ ಗಾಡಿಯ ಸವೆದ ಕೀಲಿ ಹಾಕಿದರೂ ತಿರುಗುವುದುಂಟು. ಸ್ನೇಹಿತರ ಗಾಡಿಯ ಕೀಲಿ ತಂದು ನಿಮ್ಮ ಬಾಗಿಲಿಗೆ ಹಾಕಿ ನೋಡಿ. ತೆರೆದರೆ ಪೂರ್ತಿ ಲಾಕ್ ಸೆಟ್ ಬದಲಿಸಿ, ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಿ. ಡಿಕ್ಕಿಯ ಬೀಗವನ್ನು ಮರೆಯಬೇಡಿ. ಅಲಾರಂ ಹಾಕಿಸುವುದಾದರೆ ಅಲುಗಾಟಕ್ಕೆ ಕೂಗುವುದರ ಮಟ್ಟ ಕಡಿಮೆ ಇಡಿ. ದೀಪಾವಳಿಯ ಪಟಾಕಿಗೆಲ್ಲ ಕೂಗಿದರೆ ಮೂರನೇ ದಿನ ಪಕ್ಕದ ಮನೆಯವರೇ ಅದನ್ನು ಬಿಚ್ಚಿಸುತ್ತಾರೆ.

ಹಂತ 6: ಈಗ ಜಿಪಿಎಸ್

ಲೆಕ್ಕ ನೋಡಿ. ಸಾಧನ 40 ಮಿಲಿಆ್ಯಂಪ್ ಎಳೆದರೂ ದಿನಕ್ಕೆ ಹೆಚ್ಚುಕಡಿಮೆ 1 ಆ್ಯಂಪ್-ಅವರ್ ಖರ್ಚು. 40 ಆ್ಯಂಪ್-ಅವರಿನ ಬ್ಯಾಟರಿ 20 ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಹಳೇ ಬ್ಯಾಟರಿ ಅಷ್ಟೂ ತಡೆಯುವುದಿಲ್ಲ. ಗಾಡಿ ನಿಂತಾಗ ನಿದ್ದೆಗೆ ಹೋಗುವ, ಒಳಗೆ ತನ್ನದೇ ಬ್ಯಾಟರಿ ಇರುವ ಸಾಧನ ಕೊಳ್ಳಿ. ಗಾಡಿ ಬ್ಯಾಟರಿಗೆ ನಿಧಾನವಾಗಿ ತುಂಬುವ ಚಾರ್ಜರ್ ಹಾಕಿಡಿ.

ಸಾಧನದ ವೈರನ್ನು ಬ್ಯಾಟರಿಯಿಂದಲೇ 2 ಆ್ಯಂಪ್ ಫ್ಯೂಸ್ ಹಾಕಿ ತನ್ನಿ. ಕಟ್-ಆಫ್ ಸ್ವಿಚ್ಚಿನ ಆಚೆ ಬದಿಗೆ ಸೇರಿಸಿದರೆ ರಾತ್ರಿ ನೀವು ಕಟ್-ಆಫ್ ತಿರುಗಿಸಿದ ಕೂಡಲೇ ಜಿಪಿಎಸ್‌ಗೂ ಕರೆಂಟ್ ಹೋಗುತ್ತದೆ. ಕಟ್-ಆಫ್ ಅರ್ಥ್ ಕಡೆ ಹಾಕಿಸಿದ್ದರೆ ಸಾಧನದ ಅರ್ಥ್ ವೈರನ್ನು ಗಾಡಿಯ ತಗಡಿಗೆ ಕೊಡಬೇಡಿ, ಬ್ಯಾಟರಿಯ ತುದಿಗೇ ಕೊಡಿ. ಈ ತಪ್ಪು ಬಹಳ ಸಲ ಆಗುತ್ತದೆ, ಹಾಗಾಗಿ ಹಾಕಿದ ದಿನವೇ ಕಟ್-ಆಫ್ ತಿರುಗಿಸಿ ಆ್ಯಪ್ ತೆರೆದು ನೋಡಿ.

ತಗಡಿನ ಕೆಳಗೆ ಜಿಪಿಎಸ್‌ಗೆ ಆಕಾಶ ಸಿಗುವುದಿಲ್ಲ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಅಡಿ, ಸೀಟಿನ ಬಟ್ಟೆಯ ಒಳಗೆ ಇಟ್ಟರೆ ನಡೆಯುತ್ತದೆ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಗಾಡಿ ಹೊರಗೆ ಬಂದ ಮೇಲೆ ಮಾತ್ರ ಸುದ್ದಿ ಬರುತ್ತದೆ. ಸಿಮ್ ರೀಚಾರ್ಜ್ ಮುಗಿಯುವ ದಿನವನ್ನು ಮೊಬೈಲಿನಲ್ಲಿ ಗುರುತು ಹಾಕಿಡಿ. ಬ್ಲೂಟೂತ್ ಟ್ಯಾಗ್ ಅಗ್ಗ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಜೊತೆಯಲ್ಲಿ ಅಪರಿಚಿತ ಟ್ಯಾಗ್ ಬರುತ್ತಿದೆ ಅಂತ ಅದು ಕಳ್ಳನ ಫೋನಿಗೇ ಹೇಳಿಬಿಡಬಹುದು. ಎರಡನೆಯದಾಗಿ ಇರಲಿ, ಒಂದೇ ಆಗಿ ಬೇಡ.

ಹಂತ 7: ಗ್ಯಾರೇಜು, ಮದುವೆ, ಮಾರಾಟ

ಹಳೇ ಕಾರಿನ ಕಳ್ಳತನ ಅಂದರೆ ಇಡೀ ಗಾಡಿಯೇ ಹೋಗಬೇಕಿಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಾಗ ಒಳ್ಳೆಯ ಕಾರ್ಬ್ಯುರೇಟರ್ ಹೋಗಿ ಸವೆದದ್ದು ಬಂದಿರುತ್ತದೆ, ಕ್ರೋಮ್ ವೀಲ್ ಕ್ಯಾಪ್ ಮೂರೇ ಉಳಿದಿರುತ್ತವೆ. ಗಾಡಿ ಬಿಡುವ ಮುಂಚೆ ಸುತ್ತ ವೀಡಿಯೊ ಮಾಡಿ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಮೀಟರ್, ಬ್ಯಾಡ್ಜ್, ಸ್ಟೆಪ್ನಿ, ಜ್ಯಾಕ್ ಪಟ್ಟಿ ಬರೆದು ಸಹಿ ಹಾಕಿಸಿ. ಮೆಕ್ಯಾನಿಕ್ ಎಷ್ಟೇ ಹಳಬರಾದರೂ ಸಂಕೋಚ ಬೇಡ. ಬಿಡಿಭಾಗದ ಮೇಲೆ ಕಾಣದ ಕಡೆ ಪಂಚ್‌ನಿಂದ ಒಂದು ಚುಕ್ಕೆ ಹೊಡೆದಿಡಿ. ಬಿಚ್ಚಿದ ಸಾಮಾನನ್ನು ಡಬ್ಬದಲ್ಲಿ ತುಂಬಿ ಮನೆಗೆ ತನ್ನಿ.

ಮದುವೆಗೆ, ಶೂಟಿಂಗಿಗೆ ಕೊಡುವುದಾದರೆ ನೀವೋ ನಿಮ್ಮವರೋ ಜೊತೆಗೆ ಹೋಗಿ. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಬಿಟ್ಟಾಗ ಕಳುವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಮಾರಾಟದ ಜಾಹೀರಾತಿನಲ್ಲಿ ಮನೆಯ ಗೇಟು, ರಸ್ತೆಯ ಬೋರ್ಡು, ನಂಬರ್ ಪ್ಲೇಟು ಕಾಣುವ ಫೋಟೊ ಹಾಕಬೇಡಿ. ಓಡಿಸಿ ನೋಡುತ್ತೇನೆ ಅಂದವರ ಡ್ರೈವಿಂಗ್ ಲೈಸೆನ್ಸ್ ಫೋಟೊ ತೆಗೆದುಕೊಂಡು, ಪಕ್ಕದ ಸೀಟಿನಲ್ಲಿ ನೀವು ಕೂತ ಮೇಲೆ ಮಾತ್ರ ಕೀಲಿ ಕೊಡಿ. ಚಾಲಕ ಬದಲಾಗುವಾಗ ಕೀಲಿ ಗಾಡಿಯಲ್ಲಿ ಇರಕೂಡದು. ಗುಟ್ಟಿನ ಸ್ವಿಚ್ ತೋರಿಸುವುದು ಪೂರ್ತಿ ದುಡ್ಡು ಕೈಗೆ ಬಂದ ಮೇಲೆ.

ಈ ಸೂಚನೆ ಕಂಡರೆ ಸುಮ್ಮನಿರಬೇಡಿ

- ಬಾಗಿಲಿನ ಬೀಗದ ಸುತ್ತ ಹೊಸ ಗೀರು, ಗಾಜಿನ ಬೀಡಿಂಗ್ ಮೇಲಕ್ಕೆದ್ದಿರುವುದು.
- ನೀವು ಕಟ್ಟಿದ ಹಾಗಿಲ್ಲದ ಕವರ್ ಹಗ್ಗ.
- ಟೈರಿನ ಮೇಲೆ ಇಟ್ಟ ಕಲ್ಲು. ಗಾಡಿ ಎಷ್ಟು ದಿನ ಅಲುಗಾಡಿಲ್ಲ ಅಂತ ನೋಡಲು ಇಡುತ್ತಾರೆ.
- ಗಾಡಿ ನಿಲ್ಲುವ ಕಡೆಯ ದೀಪ ಒಡೆದಿರುವುದು, ಕ್ಯಾಮೆರಾ ಬೇರೆ ಕಡೆ ತಿರುಗಿರುವುದು.
- ರಾತ್ರಿ ಒಂದೇ ಹೊತ್ತಿಗೆ ಮತ್ತೆ ಮತ್ತೆ ಕೂಗುವ ಅಲಾರಂ. ನೀವು ಬೇಸತ್ತು ಆಫ್ ಮಾಡಲಿ ಅಂತಲೇ ಯಾರೋ ತಟ್ಟುತ್ತಿರಬಹುದು.
- ‘ಗುಜರಿಗೆ ಕೊಡ್ತೀರಾ ಸಾರ್’ ಅಂತ ಬಂದವರು ದರ ಬಿಟ್ಟು ಬ್ಯಾಟರಿ ಇದೆಯಾ, ಸ್ಟಾರ್ಟ್ ಆಗುತ್ತಾ, ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳುವುದು.

ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅವತ್ತೇ ಗಾಡಿಯ ಜಾಗ ಬದಲಿಸಿ. ಬೀಟ್ ಪೊಲೀಸರಿಗೂ ಒಂದು ಮಾತು ಹೇಳಿಡಿ.

ಗಾಡಿ ಹೋದರೆ

1. ಜಿಪಿಎಸ್ ಜಾಗ ತೋರಿಸಿದರೂ ಒಬ್ಬರೇ ಹೋಗಬೇಡಿ. 112ಕ್ಕೆ ಕರೆ ಮಾಡಿ, ಜಾಗವನ್ನು ಪೊಲೀಸರ ಜೊತೆ ಹಂಚಿಕೊಳ್ಳಿ. ಟೋಯಿಂಗ್‌ನವರು ಎತ್ತಿದ್ದಾರಾ ಅಂತಲೂ ವಿಚಾರಿಸಿ.

2. ಅವತ್ತೇ ಎಫ್‌ಐಆರ್ ಮಾಡಿಸಿ. ಕಳ್ಳ ಯಾರೆಂದು ಗೊತ್ತಿಲ್ಲದ ವಾಹನ ಕಳ್ಳತನಕ್ಕೆ ಕರ್ನಾಟಕ ಪೊಲೀಸರ ಇ-ಎಫ್‌ಐಆರ್ ವ್ಯವಸ್ಥೆಯೂ ಇದೆ. ಚಾಸಿಸ್ ಅಚ್ಚು, ಗುರುತಿನ ಫೋಟೊ ಕೊಡಿ.

3. ವಿಮಾ ಕಂಪನಿಗೆ ಅವತ್ತೇ ಇಮೇಲ್ ಮಾಡಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಂತ ತಡ ಮಾಡಿ ಜಗಳಕ್ಕೆ ದಾರಿ ಮಾಡಿಕೊಡಬೇಡಿ.

4. ಆರ್‌ಟಿಒಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

5. ಹಳೇ ಕಾರು ಇಟ್ಟುಕೊಂಡವರ ಗುಂಪುಗಳಿಗೆ, ಬೆಂಗಳೂರಾದರೆ ಜೆ.ಸಿ. ರಸ್ತೆಯ ಪರಿಚಯದ ಸ್ಪೇರ್ಸ್ ಅಂಗಡಿಗಳಿಗೆ ಫೋಟೊ ಕಳಿಸಿ. ಅಪರೂಪದ ಬಿಡಿಭಾಗ ಮಾರಾಟಕ್ಕೆ ಬಂದರೆ ಮೊದಲು ಗೊತ್ತಾಗುವುದು ಇವರಿಗೇ.

6. ಗಾಡಿ ಸಿಗದಿದ್ದರೆ ಪೊಲೀಸರು ‘ಸಿ’ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಅನ್ನುವ ವರದಿ, ಹಾಕುತ್ತಾರೆ. ಕ್ಲೇಮಿಗೆ ಅದು ಬೇಕು. ಅದರ ಜೊತೆ ಆರ್‌ಸಿ, ಪಾಲಿಸಿ, ಎರಡೂ ಕೀಲಿ, ಎನ್‌ಒಸಿ ಮತ್ತು ಮಾಲೀಕತ್ವ ವರ್ಗಾವಣೆಯ ಫಾರ್ಮ್ 28, 29, 30 ಕೇಳುತ್ತಾರೆ.

ಗಾಡಿ ಸಿಕ್ಕಿದರೆ ಕೋರ್ಟಿನಲ್ಲಿ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಠಾಣೆಯ ಅಂಗಳದಲ್ಲಿ ಮಳೆ ಬಿಸಿಲಿಗೆ ನಿಂತಷ್ಟೂ ತಗಡು ಹೋಗುತ್ತದೆ, ಹಾಗಾಗಿ ವಕೀಲರನ್ನು ಬೇಗ ನೋಡಿ. ಹೊರಗೆ ತಂದ ಮೇಲೆ ಕೀಲಿ ತಿರುಗಿಸುವ ಮುಂಚೆ ಬ್ರೇಕ್ ಆಯಿಲ್, ಪೆಟ್ರೋಲ್ ಪೈಪು, ಕತ್ತರಿಸಿದ ವೈರು ನೋಡಿ. ಲಾಕ್ ಸೆಟ್ ಬದಲಿಸಿ, ಗುಟ್ಟಿನ ಸ್ವಿಚ್ಚಿನ ಜಾಗವನ್ನೂ ಬದಲಿಸಿ. ಆರ್‌ಟಿಒ ದಾಖಲೆಯಲ್ಲಿ ‘ಕಳುವಾದ ವಾಹನ’ ಅನ್ನುವ ಗುರುತು ತೆಗೆದಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ಅದು ಉಳಿದುಹೋದರೆ ಮುಂದಿನ ಸಲ ಆರ್‌ಸಿ ನವೀಕರಣಕ್ಕೆ ಹೋದಾಗ ಅರ್ಜಿ ಅಲ್ಲೇ ನಿಲ್ಲುತ್ತದೆ.